ಎರಡು ಮನೆಯ ಹೆಪ್ಪು

ಹೆಪ್ಪಿನ ಬಟ್ಟಲನ್ನು ಮೂಗಿಗೆ ಹಿಡಿದ ಗುಟಾರ್ಮ್ ಅಲ್ಲೇ ನಿಂತುಬಿಟ್ಟ.

"ಅಕ್ಕಾ, ಇದರಲ್ಲಿ ಹೊಗೆ ವಾಸ್ನೆ ಇದೆ."

ಸಿಗ್ನಾ ತಿರುಗಿ ನೋಡದೆ ಬಿಯರಿಗೆ ಹಾಕುವ ಜುನಿಪರ್ ಸೊಪ್ಪು ಹಿಂಡುತ್ತಲೇ ಇದ್ದಳು. ಒಳಕೋಣೆಯ ಹಲಗೆಯ ಮೇಲೆ ಅವ್ವನ ಹೆಣವಿತ್ತು. ಶನಿವಾರ ಮಣ್ಣು. ಕಡಲು ಬೆಟ್ಟಗಳ ನಡುವೆ ಒಳನುಗ್ಗಿದ ಫ್ಯೋರ್ಡಿನ ಈ ದಂಡೆಯಲ್ಲಿ ಮನೆಯ ಬಿಯರ್ ಇಲ್ಲದೆ ಯಾರನ್ನೂ ಮಣ್ಣಿಗೆ ಕಳಿಸಿದ್ದಿಲ್ಲ. ಬಿಯರು ಹುಳಿಸುವ ಗುಟಾರ್ಮನ ಹೆಪ್ಪು ನೋಡಿದರೆ, ಹಿಂದಿನ ಎರಡು ಸಲವೂ ಭರ್ರನೆ ಎದ್ದು ಅರ್ಧದಲ್ಲೇ ಮಲಗಿ, ಬಿಯರು ಪಾನಕದ ಹಾಗೆ ಸಿಹಿಯಾಗಿ ಉಳಿದಿತ್ತು.

ಒಂಬತ್ತು ವರ್ಷದ ಹಿಂದೆ ಮನೆ ಪಾಲಾದಾಗ ಅಣ್ಣ ತಮ್ಮ ಇಬ್ಬರೂ ಅವ್ವನ ಹೆಪ್ಪಿನ ಕೊರಡನ್ನೂ ಗರಗಸ ಹಿಡಿದು ಎರಡಾಗಿ ಕುಯ್ದಿದ್ದರು. ತೂತು ಕೊರೆದ ಆ ಕೊರಡಿನಲ್ಲೇ ಯೀಸ್ಟು ಒಣಗಿ, ಒಂದು ಬಿಯರಿನಿಂದ ಇನ್ನೊಂದಕ್ಕೆ ಬದುಕಿ ಬರುತ್ತಿದ್ದದ್ದು. ಉದ್ದನೆಯ ತುಂಡು ಯಾರಿಗೆ ಅನ್ನುವ ಜಗಳದಲ್ಲಿ ತಮ್ಮ ಮೋನ್ಸ್ ಗುಟಾರ್ಮನ ಕಿವಿಯನ್ನು ಅರ್ಧ ಕಚ್ಚಿ ಉಗಿದಿದ್ದ. ಅಲ್ಲಿಂದ ಎರಡು ಮನೆಯ ಹೆಪ್ಪೂ ಬೇರೆ ಬೇರೆ ಚಾಳಿ ಕಲಿತವು. ಗುಟಾರ್ಮನದಕ್ಕೆ ಕಿತ್ತಳೆ ಸಿಪ್ಪೆಯ ವಾಸನೆ, ಮುಂಗೋಪ. ಮೋನ್ಸನದಕ್ಕೆ ಹೊಗೆಯ ವಾಸನೆ, ನಿಧಾನ; ಹಿಡಿದರೆ ಮಾತ್ರ ಕೊನೆವರೆಗೂ ಬಿಡದು. ಎರಡನ್ನೂ ರುಚಿ ನೋಡಿದ ಅವ್ವ, "ಇದೂ ನಂದಲ್ಲ, ಅದೂ ನಂದಲ್ಲ" ಅಂದು ಬಟ್ಟಲು ಕೆಳಗಿಟ್ಟವಳು ಮತ್ತೆ ಬಿಯರ್ ಮುಟ್ಟಿರಲಿಲ್ಲ.

"ಅರ್ಧ ನಿಂದು, ಅರ್ಧ ಮೋನ್ಸಂದು," ಎಂದಳು ಸಿಗ್ನಾ. "ಬೆಳಿಗ್ಗೆ ನಾನೇ ಹೋಗಿ ಕೇಳಿ ತಂದೆ."

"ಆ ನಾಯಿ ಎಂಜಲನ್ನ ಅವ್ವನ ಬಿಯರಿಗೆ ಹಾಕ್ತೀಯಾ?"

"ನಾಯಿ ಇಲ್ಲೇ ಬಂದಿದೆ ಕಣೋ, ಅರ್ಧಕಿವಿ." ಬಾಗಿಲಲ್ಲಿ ಮೋನ್ಸ್ ನಿಂತಿದ್ದ. "ನನ್ನ ಹೆಪ್ಪಿಗೆ ನಾನೇ ಕೂಗ್ಬೇಕು."

ಹೆಪ್ಪು ಹಾಕುವಾಗ ಮನೆಯ ಗಂಡಸು ಬಿಯರಿನ ತೊಟ್ಟಿಗೆ ಬಗ್ಗಿ ಗಂಟಲು ಹರಿಯುವ ಹಾಗೆ ಕೂಗಬೇಕು. ಕೂಗಿದಷ್ಟೂ ಬಿಯರಿಗೆ ಕಸುವು. ಕೂಗದಿದ್ದರೆ ಹೆಪ್ಪು ನಿದ್ದೆಹೋಗುತ್ತದೆ.

"ನನ್ನ ಮನೇಲಿ ನೀನು ಕೂಗೋದಾ?"

ಸಿಗ್ನಾ ಬಟ್ಟಲನ್ನು ಕಿತ್ತುಕೊಳ್ಳುವುದಕ್ಕೂ ಗುಟಾರ್ಮ್ ತೊಳಸುವ ಕೋಲು ಬೀಸುವುದಕ್ಕೂ ಸರಿಹೋಯಿತು. ಏಟು ಮೋನ್ಸನ ಬಾಯಿಗೇ ಬಿತ್ತು. ಎರಡು ಹಲ್ಲು ಸೊಪ್ಪಿನ ಮೇಲೆ ಉದುರಿದವು. ಮೋನ್ಸ್ ತಲೆ ತಗ್ಗಿಸಿ ನುಗ್ಗಿ, ಅಣ್ಣನ ಗಂಟಲು ಹಿಸುಕಿ ಹಿಡಿದು, ಕಾದ ತಾಮ್ರದ ಕೊಪ್ಪರಿಗೆಗೆ ಒತ್ತಿದ. ಗುಟಾರ್ಮನ ಅಂಗೈ ಚುರ್ರೆಂದಿತು. ಸುಟ್ಟ ಚರ್ಮದ ನಾತ ಎದ್ದಿತು.

"ಬಿಡ್ರೋ! ಸಾಯೋದಾದ್ರೆ ಹೊರಗೆ ಹೋಗಿ ಸಾಯ್ರೋ!"

ಯಾರು ಕೇಳಬೇಕು? ಸಿಗ್ನಾ ತೊಟ್ಟಿಯೊಳಗೆ ಬೆರಳಿಟ್ಟು ನೋಡಿದಳು. ಬಾರ್ಲಿಯ ಕಷಾಯ ಆಗತಾನೇ ಕರೆದ ಹಾಲಿನ ಬಿಸುಪಿಗೆ ಬಂದಿತ್ತು. ಇನ್ನು ತಡೆದರೆ ಆರಿಹೋಗುತ್ತದೆ. ಕೂಗಬೇಕಾದ ಎರಡು ಬಾಯಲ್ಲಿ ಒಂದರ ತುಂಬ ರಕ್ತ, ಇನ್ನೊಂದರಲ್ಲಿ ಉಸಿರೇ ಇಲ್ಲ.

ಅವಳು ಬಟ್ಟಲು ಬಗ್ಗಿಸಿದಳು. ತೊಟ್ಟಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ತಲೆ ಒಳಗಿಟ್ಟು ಕೂಗಿದಳು.

ಆ ಮನೆಯಲ್ಲಿ ಹೆಂಗಸು ಕೂಗಿದ್ದಿಲ್ಲ. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಕೊಟ್ಟಿಗೆಯಲ್ಲಿ ಹಸು ಬೆದರಿ ಎದ್ದಿತು. ಉಸಿರು ಮುಗಿದಾಗ ಎಳೆದುಕೊಂಡು ಮತ್ತೆ ಕೂಗಿದಳು. ಮೂರನೇ ಸಲಕ್ಕೆ ಮೋನ್ಸನ ಬೆರಳು ತಾವಾಗಿ ಸಡಿಲಿದವು.

ಮಧ್ಯಾಹ್ನದ ಹೊತ್ತಿಗೂ ಮೋನ್ಸ್ ಹೋಗಿರಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದ. ಸಿಗ್ನಾ ಪೊರಕೆ ಹಿಡಿದು ಸೊಪ್ಪಿನ ಜೊತೆ ಹಲ್ಲುಗಳನ್ನೂ ಗುಡಿಸಿದಳು.

"ಹೆಪ್ಪು ಏಳ್ತಾ ಇದೆಯಾ?" ಮೋನ್ಸ್ ಹೊರಗೇ ನೋಡುತ್ತಾ ತೊದಲಿದ.

ಗುಟಾರ್ಮ್ ಸುಟ್ಟ ಕೈಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಬಿಟ್ಟುಕೊಂಡು, ಅರ್ಧ ಕಿವಿಯನ್ನು ತೊಟ್ಟಿಯ ಹಲಗೆಗೆ ಆನಿಸಿ, ಕಣ್ಣು ಮುಚ್ಚಿ ಒಳಗಿನ ಸದ್ದು ಆಲಿಸುತ್ತಾ ಕೂತಿದ್ದ.