ಪಾಸು ಮಾಡಿಸಿದ ತಪ್ಪು

ಪರೀಕ್ಷೆ ಎಂದರೆ ಪಾಸಾಗಬೇಕು. ಆ ಮನೆಯವರಿಗೆ ಗೊತ್ತಿದ್ದುದು ಅಷ್ಟೇ. ಆಸ್ಪತ್ರೆಯಲ್ಲಿ ಆರು ವರ್ಷದ ಗುಬ್ಬಿಗೆ ಪರೀಕ್ಷೆ ಎಂದು ತಿಳಿದದ್ದೇ ತಡ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅವಳ ಅಮ್ಮ ಕಂಡಕಂಡವರನ್ನೆಲ್ಲ ಕೇಳಿ ಪ್ರಶ್ನೆಗಳನ್ನು ಕಲೆಹಾಕಿದಳು. ಮೂಗು ಯಾವುದು, ಕೆಂಪು ಯಾವುದು, ಗೂಟಕ್ಕೆ ಬಳೆ ಹಾಕು, ಕರೆದರೆ ಮುಖ ನೋಡು. ಗುಬ್ಬಿ ಅತ್ತು ಅತ್ತು ಸುಸ್ತಾದರೂ ಬಿಡದೆ ಉರು ಹೊಡೆಸಿದಳು.

“ಬಿಡ್ಬೇಡ ಕಣೇ,” ಎಂದಳು ಅತ್ತೆ. “ನನ್ನ ಮೊಮ್ಮಗಳನ್ನ ಹುಚ್ಚಿ ಅಂತ ಬರೆದುಬಿಟ್ರೆ ಮುಖ ಎಲ್ಲಿಟ್ಕೊಳ್ಳಲಿ?”

“ನಿಮ್ಮ ಮುಖ ಇಲ್ಲೇ ಇರುತ್ತೆ ಅತ್ತೆ. ಇವಳ ಕಾಲಿನ ಹಗ್ಗ ಬಿಚ್ಚಬೇಕಲ್ಲ.”

ಕದ ತೆರೆದರೆ ಗುಬ್ಬಿ ರಸ್ತೆಗೆ ಓಡುತ್ತಿದ್ದಳು. ಮಂಡಿನೋವಿನ ಅತ್ತೆ ಬೆನ್ನಟ್ಟಲಾರಳು. ಹಾಗಾಗಿ ಅಮ್ಮ ದಿನವೂ ಮಗಳನ್ನು ಮಂಚಕ್ಕೆ ಕಟ್ಟಿ ಕೆಲಸಕ್ಕೆ ಹೋಗಬೇಕು. ಡಾಕ್ಟರ ಚೀಟಿ ತಂದರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು ಶಾಲೆಯ ಹೆಡ್‌ಮೇಡಂ. ಯಾವ ಚೀಟಿ ಎಂದು ಅವರು ಬಿಡಿಸಿ ಹೇಳಲಿಲ್ಲ, ಇವಳು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮುಂದೆ ಗುಬ್ಬಿ ಮೂಗು ಮುಟ್ಟಿದಳು. ಬಳೆ ಹಾಕಿದಳು. ಕರೆದಾಗ ಮುಖವನ್ನೂ ನೋಡಿದಳು. ಹೊರಗೆ ಕಾದಿದ್ದವರ ಸಾಲು ಬಾಗಿಲು ದಾಟಿ ಒಳಗೇ ಇಣುಕುತ್ತಿತ್ತು.

“ಚೂಟಿ ಇದ್ದಾಳಮ್ಮ,” ಎಂದರು ಡಾಕ್ಟರಮ್ಮ. “ಸ್ವಲ್ಪ ಹಟ. ಮುದ್ದು ಕಮ್ಮಿ ಮಾಡಿ.”

“ಹಾಗಾದ್ರೆ ಶಾಲೆಗೆ ಚೀಟಿ ಕೊಡಿ. ಜೊತೆಗೆ ಕೂರೋ ಆಯಾನ ಕೊಡ್ತಾರಂತೆ.”

“ಅದು ಆಟಿಸಂ ಇರೋ ಮಕ್ಕಳಿಗೆ. ಇವಳಿಗೆ ಯಾಕೆ?”

ಆ ಚೀಟಿ ಫೇಲಾದವರಿಗೇ ಸಿಗುವುದು ಎಂದು ಅಮ್ಮನಿಗೆ ಈಗ ಅರ್ಥವಾಯಿತು. ತನ್ನ ಕೈಯಾರೆ ಮಗಳ ಬಾಗಿಲಿಗೆ ಬೀಗ ಜಡಿದಿದ್ದಳು.

“ನಾನೇ ಉರು ಹೊಡೆಸಿದ್ದು ಡಾಕ್ಟ್ರೇ. ಪಾಸಾಗ್ಬೇಕು ಅನ್ಕೊಂಡೆ.”

“ಕಲಿಸಿದ್ರೆ ಕಲೀತಾಳಲ್ಲ, ಮತ್ತೇನು? ಆರು ತಿಂಗಳು ಬಿಟ್ಟು ಬನ್ನಿ. ನೆಕ್ಸ್ಟ್.”

ಕೂಸು ನೆಲಕ್ಕೆ ಬೀಳದೆ ಅದರ ನೋವನ್ನು ನಂಬದ ಕೋಣೆ ಅದು. ಅಮ್ಮ ಎದ್ದು, ತಾನು ಕುಳಿತಿದ್ದ ಕಬ್ಬಿಣದ ಸ್ಟೂಲನ್ನು ಹಿಡಿದು ಕಲ್ಲುನೆಲದ ಮೇಲೆ ಕರ್ರನೆ ಎಳೆದಳು. ಆ ಸದ್ದು ಕಿವಿಗೆ ಬಿದ್ದರೆ ಮಗಳು ಏನಾಗುತ್ತಾಳೆಂದು ಅವಳಿಗೆ ಗೊತ್ತಿತ್ತು.

ಗುಬ್ಬಿ ಚೀರಿ ಬಿದ್ದಳು. ಹಣೆಯನ್ನು ಮೇಜಿನ ಕಾಲಿಗೆ ಚಚ್ಚಿಕೊಂಡಳು.

“ಏನಮ್ಮಾ ಇದು, ನಿಲ್ಲಿಸು, ಮಗು ಸತ್ತುಹೋಗುತ್ತೆ.”

“ಮನೇಲಿ ದಿನಾ ಸಾಯುತ್ತೆ. ಈಗ ಬರೀರಿ.”

ಡಾಕ್ಟರಮ್ಮನ ಕೈ ಕಾಗದದತ್ತ ಸರಿಯಲಿಲ್ಲ. ಅಮ್ಮನ ಒಂದು ಅಂಗೈ ಮಗಳ ಹಣೆಗೆ ಅಡ್ಡ ಹೋಯಿತು. ಇನ್ನೊಂದು ಕೈ ಸ್ಟೂಲನ್ನು ಮತ್ತೆ ಎಳೆಯಿತು.