ಬೋರಲು ಒರಳು

ಸರಕಾರಿ ಕೆಲಸದಲ್ಲಿ ಕ್ಯಾಮೆರಾ ಇದ್ದಾಗ ರೀಲು ಇರುವುದಿಲ್ಲ, ರೀಲು ಬಂದಾಗ ನೋಡುವಂಥದ್ದು ಉಳಿದಿರುವುದಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅಲ್ಲಾಉದ್ದೀನನಿಗೆ ಆದದ್ದೂ ಇದೇ. ಮಸರಕಲ್ಲಿನ ಆಚೆ, ಐದಾರು ನೂರು ವರ್ಷಗಳ ಹಿಂದೆ ಪಾಳುಬಿದ್ದ ಊರೊಂದನ್ನು ಅಗೆಸಿ ನಕ್ಷೆ ಬರೆಯುವ ಕೆಲಸ ಅವನದು. ಒಂಬತ್ತು ವರ್ಷದಿಂದ ದಿನಗೂಲಿಯೇ. ಊರು ಯಾಕೆ ಪಾಳುಬಿತ್ತೆಂಬುದಕ್ಕೆ ಗಟ್ಟಿ ಪುರಾವೆ ತೋರಿಸಿದರೆ ಕಾಯಂ ಮಾಡಿಸುತ್ತೇನೆಂದು ಪುರಾತತ್ವ ಇಲಾಖೆಯ ಸಾಹೇಬರು ಮಾತು ಕೊಟ್ಟಿದ್ದರು.

ಸಿಕ್ಕಿತ್ತು. ಅಗೆದ ನಾಲ್ಕೂ ಮನೆಗಳಲ್ಲಿ ಒರಳುಕಲ್ಲು ಬೋರಲಾಗಿತ್ತು. ಒಂದಾದರೆ ಉರುಳಿತು ಅನ್ನಬಹುದು, ನಾಲ್ಕಕ್ಕೂ ಏನು ಬಂತು ರೋಗ? ಅರ್ಥ ಆಮೇಲೆ, ಮೊದಲು ಫೋಟೋ ಎಂದು ಅವನು ರೀಲು ತರಲು ರಾಯಚೂರಿನ ಬಸ್ಸು ಹತ್ತಿದ. ಮಣ್ಣು ಹೊರುವ ಬೂದೆಮ್ಮನಿಗೆ ಏನೂ ಮುಟ್ಟಬೇಡವೆಂದು ಮೂರು ಸಲ ಹೇಳಿ ಹೋಗಿದ್ದ.

ಮರುದಿನ ಬಂದು ನೋಡಿದರೆ ನಾಲ್ಕೂ ಒರಳು ನೆಟ್ಟಗೆ ಕುಳಿತಿವೆ! ತೊಳೆದು, ಅರಿಷಿಣ ಹಚ್ಚಿ, ಒಳಗೆ ಹಿಡಿ ಜೋಳ ಬೇರೆ.

"ಮುಟ್ಟಬ್ಯಾಡ ಅಂತ ಹೇಳಿದ್ದಿಲ್ಲೇನು ಯವ್ವಾ? ನನ್ನ ಅನ್ನಕ್ಕ ಕಲ್ಲು ಹಾಕಿದಿ!"

"ಗಡಿಗಿ ಚೂರು ಒಂದೂ ಮುಟ್ಟಿಲ್ಲರಿ. ಕಲ್ಲು ಅಷ್ಟ," ಎಂದಳು ಬೂದೆಮ್ಮ. "ಬರ ಬಿದ್ದು ಗುಳೆ ಹೋಗೋರು ಕಲ್ಲು ಬೋರಲು ಹಾಕಿ ಹೋಗತೀವಿ. ತಿರುಗಿ ಬಂದ ದಿನ ಎತ್ತಿಟ್ಟು ಜ್ವಾಳ ಹಾಕಬೇಕು. ಇವರು ಬರಲೇ ಇಲ್ಲ, ಪಾಪ. ಅದಕ್ಕ ನಾನ ಎತ್ತಿಟ್ಟೆ."

ಅಲ್ಲಾಉದ್ದೀನ ತಲೆಯ ಮೇಲೆ ಕೈಹೊತ್ತು ಕುಳಿತ. ಇಡೀ ಆಫೀಸಿಗೆ ಗೊತ್ತಿಲ್ಲದ್ದು ಈ ಮುದುಕಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ತೊಳೆದು ಕೂತಿದ್ದಳು. ಬೈಯಬೇಕೋ ಕೈಮುಗಿಯಬೇಕೋ ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಸಾಹೇಬರ ಜೀಪು ಬಂತು. ಅವನು ನಡೆದದ್ದನ್ನೆಲ್ಲ ಹೇಳಿದ.

"ಫೋಟೋ ಎಲ್ಲಿ?"

"ಇಲ್ರೀ ಸರ್. ಕಲ್ಲು ಬೋರಲು ಇದ್ದಾಗ ನಾ ಬರದ ನಕ್ಷಿ ಅದ."

"ದಿನಗೂಲಿಯವನ ಪೆನ್ಸಿಲ್ ಗೀಟು ಪುರಾವೆ ಆಗುತ್ತೇನಯ್ಯಾ?"

ನೆಟ್ಟಗಿದ್ದ ಒರಳುಗಳನ್ನೊಮ್ಮೆ ನೋಡಿ, ಶತ್ರುಗಳ ದಾಳಿಯಲ್ಲಿ ಜನ ಹತರಾಗಿ ಊರು ನಾಶವಾಯಿತೆಂದು ಅವರು ನಿಂತಲ್ಲೇ ಬರೆದುಕೊಂಡರು. ಕಾಯಂ ಮಾತು ಎತ್ತಲೇ ಇಲ್ಲ.

ಜೀಪು ಹೋದ ಮೇಲೆ ಬೂದೆಮ್ಮ ಕೇಳಿದಳು, "ಸಾಹೇಬರು ಏನ್ ಬರಕೊಂಡ್ರರಿ?"

"ಎಲ್ಲಾರನೂ ದಂಡಿನವರು ಕಡದು ಹಾಕಿದ್ರಂತ," ಎಂದ ಅಲ್ಲಾಉದ್ದೀನ, ಬೇಸರದಿಂದ.

ಬೂದೆಮ್ಮ ಮಣ್ಣಿನ ಬುಟ್ಟಿ ಕೆಳಗಿಳಿಸಿದಳು. "ಸಾಯೋರು ಕಲ್ಲು ಬೋರಲು ಹಾಕಿ ಸಾಯತಾರೇನ್ರಿ?"