ಕಚ್ಚಿದ ತಿರುಪು

"ಗಂಡ ಇರೋತನಕ ಮೂಗುಬಟ್ಟು ತೆಗ್ಯಾಂಗಿಲ್ಲ. ನಮ್ಮ ಮನಿತನದಾಗ ಯಾರೂ ತೆಗ್ದಿಲ್ಲ," ಎಂದು ದೊಡ್ಡಬಸಮ್ಮ ಸೊಸೆಯ ಮಂಚಕ್ಕೆ ಅಡ್ಡ ನಿಂತಳು. ನರ್ಸ್ ಕೈಯಲ್ಲಿದ್ದ ಹತ್ತಿಯನ್ನು ಟ್ರೇಗೆ ಎಸೆದಳು.

ಸೊಸೆ ಜಡೆಮ್ಮ ಹಲ್ಲು ಕಚ್ಚಿ ಕೂತಿದ್ದಳು. ಕುರುಗೋಡಿನ ಬಸ್ ಸ್ಟ್ಯಾಂಡ್ ಮುಂದೆ ಮಿರ್ಚಿ ಕರಿಯುವಾಗ ಬಾಣಲೆ ಮಗುಚಿ, ಕುದಿಯುವ ಎಣ್ಣೆ ಅವಳ ಗದ್ದ, ಕೊರಳು, ಎದೆ ಸುಟ್ಟಿತ್ತು. ಬಳ್ಳಾರಿಯ ಈ ಆಸ್ಪತ್ರೆಯಲ್ಲಿ ಹೋದ ವಾರ ಮಂಪರಿನ ಮದ್ದು ಕೊಟ್ಟು ಕೊರಳಿಗೆ ಚರ್ಮ ಹಚ್ಚುತ್ತಿದ್ದಾಗ, ಮೂಗಿನ ಪೈಪಿನ ಆಕ್ಸಿಜನ್ ಸಾಲದೆ ಉಸಿರು ಇಳಿದು, ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ್ದರು. ಈಗ ಗಾಯ ಮಾಗುತ್ತ ಚರ್ಮ ಸೆಳೆಯತೊಡಗಿತ್ತು. ಇವತ್ತು ಮತ್ತೆ ಆಪರೇಷನ್. ಇನ್ನೂ ತಡವಾದರೆ ಗದ್ದ ಎದೆಗೆ ಅಂಟಿ, ಬದುಕಿರುವಷ್ಟು ದಿನ ನೆಲ ನೋಡಿಕೊಂಡೇ ಓಡಾಡಬೇಕು.

"ಹೋದ ಸಲದ ಪೈಪ ಹಾಕ್ರಿ. ಅದಕ್ಕ ಮೂಗುಬಟ್ಟು ಅಡ್ಡ ಬಂದಿರಲಿಲ್ಲ," ಎಂದಳು ಅತ್ತೆ.

ಡಾಕ್ಟರ್ ರಶ್ಮಿ ಹಳೇ ಪೈಪು, ಹೊಸ ಪೈಪು ಎರಡನ್ನೂ ಹಿಡಿದು ತೋರಿಸಿದರು. "ಹಳೇದ್ರಲ್ಲಿ ಗಾಳಿ ಸಣ್ಣಗೆ ಬರುತ್ತೆ. ಈ ದಪ್ಪದ್ದು ಬೆಚ್ಚಗಿನ ತೇವದ ಗಾಳೀನ ಜೋರಾಗಿ ತಳ್ಳುತ್ತೆ. ಸುಟ್ಟವರಲ್ಲಿ ಯಾರಿಗೆ ಯಾವುದು ಒಗ್ಗುತ್ತೆ ಅಂತ ಹೋಲಿಸಿ ನೋಡ್ತಾ ಇದೀವಿ. ಇವರಿಗೆ ಸಣ್ಣದು ಸಾಲಲಿಲ್ಲ. ಮಾಸ್ಕ್ ಹಾಕಿದ್ರೆ ಗದ್ದದ ಗಾಯ ಒತ್ತುತ್ತೆ. ದಪ್ಪದ್ದು ಕೂರಬೇಕಂದ್ರೆ ಮೂಗುಬಟ್ಟಿನ ಒಳಗಿನ ತಿರುಪು ಬಿಡ್ತಿಲ್ಲ."

"ನನ್ನ ಗಂಡನ್ನ ಮಣ್ಣಿಗಿಟ್ಟ ದಿನ ನಂದು ತೆಗದ್ರು." ದೊಡ್ಡಬಸಮ್ಮ ಬರಿಮೂಗು ಮುಟ್ಟಿಕೊಂಡಳು. "ನನ್ನ ಮಗ ಇನ್ನೂ ಬದುಕ್ಯಾನ."

"ಬದುಕ್ಯಾನ?" ಜಡೆಮ್ಮ ಗೋಡೆಗೆ ಒರಗಿ ನಿಂತಿದ್ದ ಗಂಡ ಹೊನ್ನೂರಪ್ಪನತ್ತ ಕಣ್ಣು ಹೊರಳಿಸಿದಳು. "ಬೆಳಿಗ್ಗಿಂದ ಪಿಟ್ಟಂದಿಲ್ಲ. ಒಮ್ಮಿ ಕೆಮ್ಮರಿ, ನಿಮ್ಮವ್ವಗ ಧೈರ್ಯ ಬರ್ಲಿ."

ಹೊನ್ನೂರಪ್ಪ ತಾಯಿಯ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಕೆಮ್ಮಿದ. ನರ್ಸ್ ನಕ್ಕುಬಿಟ್ಟಳು.

"ಸಿರುಗುಪ್ಪದ ಹೆಣ್ಣು ಬ್ಯಾಡ, ಬಾಯಿ ಜೋರು ಅಂತ ಆಗ್ಲೇ ಬಡಕಂಡೆ," ಎಂದಳು ದೊಡ್ಡಬಸಮ್ಮ.

"ಆ ಬಾಯಿಗೇ ಅತ್ತಿ, ಗಿರಾಕಿ ನಿಂತಿದ್ದು. ನೆಲ ನೋಡ್ಕಂತ ಕೂತ್ರ ಯಾರ ಬರ್ತಾರ?"

ಅವಳೇ ಮೂಗಿಗೆ ಕೈ ಹಾಕಿದಳು. ಮದುವೆಯಲ್ಲಿ ಬಿಗಿದ ತಿರುಪು ಕಚ್ಚಿಕೊಂಡಿತ್ತು. ತಿರುವಿದಳು, ಕಣ್ಣಲ್ಲಿ ನೀರಾಡಿತು, ಅದು ಜಗ್ಗಲಿಲ್ಲ.

"ಕತ್ತರಿಸ್ರಿ ಅದನ್ನ."

"ಬ್ಯಾಡಲೇ ಜಡೆವ್ವಾ..." ದೊಡ್ಡಬಸಮ್ಮನ ದನಿ ಈಗ ಬೈಗುಳವಾಗಿರಲಿಲ್ಲ.

"ಕತ್ತರಿಸ್ರಿ ಅಂದ್ನೆಲ್ಲ."

ನರ್ಸ್ ಇಕ್ಕಳ ತಂದಳು. ಕಟ್ ಎಂದ ಸದ್ದಿಗೆ ಅತ್ತೆ ಮುಖ ತಿರುವಿದಳು. ಜಡೆಮ್ಮ ಚಿನ್ನದ ಎರಡು ತುಂಡನ್ನೂ ಗಂಡನ ಅಂಗೈಗೆ ಹಾಕಿ ಬೆರಳು ಮಡಚಿದಳು. "ನಾ ಹೊರಗ ಬರೋತನಕ ಸಾಯಬ್ಯಾಡ್ರಿ ಮತ್ತ. ನನ್ನ ಮಾನ ಹೋಗ್ತೈತಿ."

ಆಪರೇಷನ್ ಕೋಣೆಯಲ್ಲಿ ದಪ್ಪ ಪೈಪು ಎರಡೂ ಹೊಳ್ಳೆಯಲ್ಲಿ ಸರಿಯಾಗಿ ಕೂತಿತು. ಬೆಚ್ಚಗಿನ ಗಾಳಿ ಭರ್ರೆಂದು ನುಗ್ಗಿತು.

"ಬಾಯಿ ಮುಚ್ಚಿಕೊಂಡು ಮೂಗಲ್ಲೇ ಉಸಿರಾಡಬೇಕಮ್ಮ," ಎಂದರು ರಶ್ಮಿ.

"ನಮ್ಮತ್ತಿ ಕೈಲೇ ಆಗಿಲ್ರಿ, ಈ ಬಾಯಿ ಮುಚ್ಚಸಾಕ," ಎಂದು ಜಡೆಮ್ಮ ತುಟಿ ಬಿಗಿದಳು.

ಮದ್ದು ಏರಿತು. ಕೈ ಸಡಿಲಾಯಿತು, ಹುಬ್ಬು ಸಡಿಲಾಯಿತು, ರೆಪ್ಪೆಗಳು ಕೂಡಿದವು. ತುಟಿಗಳು ಮಾತ್ರ ಬಿಗಿದೇ ಇದ್ದವು.